ಕುದುರೆಯ ಮೇವಿಗೆ ಯಾರು ಹೊಣೆ?

ಕೊಪ್ಪಳದ ಪಕ್ಕದ ಕಿನ್ನಾಳ ಬಣ್ಣದ ಬೊಂಬೆಗಳಿಗೆ ಹೆಸರಾದ ಊರು. ಅಲ್ಲಿನ ಚಿತ್ರಗಾರರು ಹಗುರ ಮರವನ್ನು ಕೆತ್ತಿ, ಸಂದುಗಳಿಗೆ ಮರದ ಹೊಟ್ಟು ಮತ್ತು ಹುಣಸೆ ಬೀಜದ ಅಂಟನ್ನು ತುಂಬಿ, ಮೇಲೆ ಬಣ್ಣ ಬಳಿಯುತ್ತಾರೆ. ಹಂಪಿಯ ವಿರೂಪಾಕ್ಷ ಗುಡಿಯ ಚಿತ್ರಗಳನ್ನು ಬರೆದವರು ತಮ್ಮ ಪೂರ್ವಿಕರೇ ಎಂದು ಅವರು ಹೇಳಿಕೊಳ್ಳುವುದುಂಟು. ಅವರ ಕೈಯಲ್ಲಿ ಕುದುರೆಯಾದ ಮರಕ್ಕೆ ಒಂದು ಅನುಕೂಲವಿದೆ. ಅದಕ್ಕೆ ಹಸಿವಾಗುವುದಿಲ್ಲ. ಹೊಟ್ಟೆಗೆ ಹೊಟ್ಟು ತುಂಬಿದರೂ ಅದು ದೂರುವುದಿಲ್ಲ, ಹುಲ್ಲು ಕೇಳುವುದಿಲ್ಲ, ಬೇಸಿಗೆಯಲ್ಲಿ ನೀರಿಗೆ ಹಂಬಲಿಸುವುದಿಲ್ಲ.

ಆದರೆ ಇದೇ ನೆಲದಲ್ಲಿ, ತುಂಗಭದ್ರೆ ಮತ್ತು ಕೃಷ್ಣೆಯ ನಡುವಿನ ಈ ಎಡೆದೊರೆ ನಾಡಿನಲ್ಲಿ, ಮುನ್ನೂರು ನಾನೂರು ವರ್ಷಗಳ ಕಾಲ ಜೀವಂತ ಕುದುರೆಗಳು ಸಾವಿರಾರು ಸಂಖ್ಯೆಯಲ್ಲಿ ಓಡಾಡಿದವು. ಒಂದು ದಡದಲ್ಲಿ ವಿಜಯನಗರ, ಇನ್ನೊಂದು ದಡದಲ್ಲಿ ಬಹಮನಿಗಳು, ಅವರ ನಂತರ ವಿಜಾಪುರದ ಆದಿಲಶಾಹಿಗಳು. ಆ ಕಾಲದ ಚರಿತ್ರೆಯನ್ನು ನಾವು ಶಾಲೆಯಲ್ಲಿ ಓದಿದ್ದೇವೆ. ಯಾರು ಯಾರನ್ನು ಸೋಲಿಸಿದರು, ಯಾವ ಕೋಟೆ ಯಾರ ಕೈಗೆ ಹೋಯಿತು, ಸುಲ್ತಾನನ ಕುದುರೆಯ ದಳ ಎಷ್ಟು, ರಾಯನದೆಷ್ಟು. ಆ ಕುದುರೆಗಳು ಏನು ತಿಂದವು, ತಿನ್ನಿಸಿದವರು ಯಾರು, ತಿನ್ನಿಸಿದ್ದರಲ್ಲಿ ತಪ್ಪಾದರೆ ಶಿಕ್ಷೆ ಯಾರಿಗೆ ಎಂದು ನಮಗೆ ಯಾವ ಮೇಷ್ಟರೂ ಹೇಳಿಕೊಡಲಿಲ್ಲ.

ಇವತ್ತು ಜಗತ್ತಿನ ಹಲವು ದೇಶಗಳಲ್ಲಿ ಕುದುರೆಗಳ ದೂರದ ಸವಾರಿಯ ಪಂದ್ಯಗಳು ನಡೆಯುತ್ತವೆ. ಒಂದೇ ದಿನದಲ್ಲಿ 160 ಕಿಲೋಮೀಟರ್‌ವರೆಗೆ ಓಡುವ ಈ ಕುದುರೆಗಳು ಏನು ತಿನ್ನಬಹುದು, ಏನು ತಿನ್ನಬಾರದು ಎಂಬುದಕ್ಕೆ ದಪ್ಪ ದಪ್ಪ ನಿಯಮ ಪುಸ್ತಕಗಳಿವೆ. ಆ ನಿಯಮಗಳನ್ನು ಓದುವಾಗ ನಮಗೆ ನಮ್ಮ ಎಡೆದೊರೆ ನಾಡಿನ ಹಳೆಯ ಲಾಯಗಳು ನೆನಪಾಗುತ್ತವೆ. ಪ್ರಶ್ನೆ ಅದೇ, ಹಳೆಯದು. ಮಾತು ಬಾರದ ಪ್ರಾಣಿಯ ಹೊಟ್ಟೆಗೆ ಯಾರು ಹೊಣೆ?

ಬೆನ್ನ ಮೇಲಿನ ಮಾತು, ಹೊಟ್ಟೆಯೊಳಗಿನ ಮಾತು

ಮೊದಲು ಭಾಷೆಯನ್ನು ನೋಡೋಣ. ಲಗಾಮು, ಜೀನು, ರಿಕಾಬು, ಚಾಬೂಕು, ಸವಾರ, ತಬೇಲಿ. ಇವೆಲ್ಲ ಫಾರಸಿ, ಅರಬ್ಬಿಗಳಿಂದ ಬಂದು ಕನ್ನಡದವೇ ಆಗಿಹೋದ ಮಾತುಗಳು. ಲಾಳ ಕಟ್ಟುವವರು ನಾಲಬಂದರಾದರು. ಸ್ವಂತ ಕುದುರೆಯೊಂದಿಗೆ ಸೈನ್ಯ ಸೇರಿದವರು ಸಿಲೇದಾರರು, ಒಡೆಯನ ಕುದುರೆ ಏರಿದವರು ಬಾರ್ಗೀರರು. ಉತ್ತರ ಕರ್ನಾಟಕದ ಮುಸ್ಲಿಂ ಮನೆಗಳಲ್ಲಿ ಈ ಹೆಸರುಗಳು ಇಂದಿಗೂ ಅಡ್ಡಹೆಸರುಗಳಾಗಿ ಉಳಿದಿವೆ. ಕುದುರೆ ಹೋಗಿ ಎಷ್ಟೋ ತಲೆಮಾರುಗಳಾದರೂ ಮತದಾರರ ಪಟ್ಟಿಯಲ್ಲಿ ಲಾಳದ ಸದ್ದು ಕೇಳುತ್ತದೆ.

ಇನ್ನು ಕುದುರೆಯ ಹೊಟ್ಟೆಗೆ ಸಂಬಂಧಿಸಿದ ಮಾತುಗಳನ್ನು ನೋಡಿ. ಹುಲ್ಲು, ಮೇವು, ಹುರುಳಿ, ತೌಡು, ಹೊಟ್ಟು, ನುಚ್ಚು. ಎಲ್ಲವೂ ಈ ನೆಲದವು. ಕುದುರೆಯ ಬೆನ್ನ ಮೇಲಿನ ಮಾತು ಹಡಗಿನಲ್ಲಿ ಬಂದಿತು, ಹೊಟ್ಟೆಯೊಳಗಿನ ಮಾತು ಹೊಲದಲ್ಲಿ ಬೆಳೆಯಿತು. ನಮ್ಮ ಕೂಡುಬಾಳ್ವೆಯ ಚರಿತ್ರೆಯನ್ನು ಇದಕ್ಕಿಂತ ಚಿಕ್ಕದಾಗಿ ಹೇಳುವುದು ಕಷ್ಟ. ರಾಯನ ಕುದುರೆಯೂ ಸುಲ್ತಾನನ ಕುದುರೆಯೂ ಒಂದೇ ಸಮುದ್ರ ದಾಟಿ ಬಂದವು. ಎರಡೂ ತಿಂದದ್ದು ಯಲಬುರ್ಗಾ, ಕುಷ್ಟಗಿ ಕಡೆಯಂಥ ಒಣಭೂಮಿಯ ರೈತರು ಬೆಳೆವ ಹುರುಳಿಯನ್ನೇ.

ಹುರುಳಿ ಬಡವರ ಕಾಳು. ಮಳೆ ಕೈಕೊಟ್ಟರೂ, ಮಣ್ಣು ತೆಳುವಾಗಿದ್ದರೂ ಅದು ಬರುತ್ತದೆ. ಕಟ್ಟು ಬಸಿದು ಸಾರು ಮಾಡಿದರೆ ಮನೆಮಂದಿಗೆ ಊಟ, ಉಳಿದದ್ದು ಎತ್ತಿಗೆ. ಇಂಗ್ಲಿಷರು ಇದನ್ನು ಕುದುರೆಯ ಕಾಳು ಎಂದೇ ಕರೆದರು, ಆ ಹೆಸರೇ ಪುಸ್ತಕಗಳಲ್ಲಿ ನಿಂತಿತು. ಉತ್ತರದ ಪಾಳೆಯಗಳಲ್ಲಿ ಕುದುರೆಗೆ ನೆನೆಸಿದ ಕಡಲೆ ಸಿಕ್ಕರೆ ದಕ್ಷಿಣದಲ್ಲಿ ಬೇಯಿಸಿದ ಹುರುಳಿ. ಬೇಯಿಸುವುದಕ್ಕೂ ಕಾರಣವಿದೆ. ಹಸಿ ಹುರುಳಿ ಗಟ್ಟಿ. ಅದರ ಸಾರವನ್ನು ದೇಹ ಹೀರದಂತೆ ತಡೆಯುವ ಅಂಶಗಳು ಹಸಿ ಕಾಳಿನಲ್ಲಿವೆ, ಬೆಂಕಿ ಅವುಗಳನ್ನು ಮುರಿಯುತ್ತದೆ. ಇದನ್ನು ಪ್ರಯೋಗಾಲಯ ಹೇಳುವ ಮೊದಲೇ ಕುದುರೆ ನೋಡಿಕೊಳ್ಳುವ ಕಾಸ್ತಾರರು ತಿಳಿದಿದ್ದರು.

ಸಮುದ್ರ ದಾಟಿ ಬಂದ ಹಸಿವು

ದಖ್ಖನ್ನಿನ ಹವೆಯಲ್ಲಿ ಯುದ್ಧಕ್ಕೆ ಬೇಕಾದ ಎತ್ತರದ ಕುದುರೆಗಳು ಸಾಕಷ್ಟು ಹುಟ್ಟುತ್ತಿರಲಿಲ್ಲ. ಹಾಗಾಗಿ ಹೊರ್ಮುಜ್ ಮತ್ತು ಏಡನ್‌ನಿಂದ ಹಡಗುಗಳಲ್ಲಿ ಭಟ್ಕಳ, ಹೊನ್ನಾವರ, ಗೋವೆಯ ಬಂದರುಗಳಿಗೆ ಕುದುರೆಗಳು ಬರುತ್ತಿದ್ದವು. ತಂದವರಲ್ಲಿ ಬಹುಪಾಲು ಅರಬ್ಬಿ, ಇರಾನಿ ವ್ಯಾಪಾರಿಗಳು. ಹಂಪಿಯ ಹಜಾರರಾಮ ಗುಡಿಯ ಪ್ರಾಕಾರದ ಗೋಡೆಯಲ್ಲಿ ಕುದುರೆಗಳನ್ನು ನಡೆಸಿಕೊಂಡು ಹೋಗುವವರ ಸಾಲುಗಳನ್ನು ಇಂದಿಗೂ ನೋಡಬಹುದು. ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಉದ್ದನೆಯ ಅಂಗಿ ತೊಟ್ಟ ಪರದೇಶಿಗಳೂ ಇದ್ದಾರೆ. ವಿಠ್ಠಲ ಗುಡಿಯ ಬೀದಿಯಲ್ಲಿರುವ ಮಂಟಪವೊಂದಕ್ಕೆ ಅದರ ಕಂಬಗಳ ಕೆತ್ತನೆಯಿಂದಾಗಿ ಕುದುರೆಗೊಂಬೆ ಮಂಟಪವೆಂದೇ ಹೆಸರು.

ಕ್ರಿ.ಶ. 1535ರ ಸುಮಾರಿಗೆ ವಿಜಯನಗರದ ವಿಷಯ ಬರೆದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್ ಒಂದು ಸಂಗತಿ ಹೇಳುತ್ತಾನೆ. ಸಾಳುವ ನರಸಿಂಹನು ವ್ಯಾಪಾರಿಗಳಿಂದ ಕುದುರೆಗಳನ್ನು ಸಾವಿರ ಪರ್ದಾವೊಗೆ ಮೂರರಂತೆ ಕೊಳ್ಳುತ್ತಿದ್ದನಂತೆ. ಸಮುದ್ರದಲ್ಲಿ ಸತ್ತ ಕುದುರೆಗೂ ಹಣ ಸಿಗುತ್ತಿತ್ತು. ಅದರ ಬಾಲವನ್ನು ತಂದು ತೋರಿಸಿದರೆ ಸಾಕು. ಹಡಗಿನ ದಾರಿಯಲ್ಲಿ ಎಷ್ಟು ಕುದುರೆಗಳು ಸಾಯುತ್ತಿದ್ದವು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಬಾಲಕ್ಕೂ ಬೆಲೆ ಕಟ್ಟಿದ ರಾಜ್ಯ ಕುದುರೆಯ ಸಾವನ್ನು ವ್ಯಾಪಾರದ ಖರ್ಚಿನಲ್ಲಿ ಸೇರಿಸಿಕೊಂಡಿತ್ತು.

ಬದುಕಿ ಬಂದ ಕುದುರೆಗಳ ಗತಿಯೂ ಸುಲಭವಿರಲಿಲ್ಲ. ದಡಕ್ಕೆ ಇಳಿದ ಮೇಲೆ ಅವು ಎದುರಿಸಿದ ಮೊದಲ ಆಪತ್ತು ಊಟದ ಬದಲಾವಣೆ. ಅರಬಸ್ಥಾನದಲ್ಲಿ ಬಾರ್ಲಿ, ಖರ್ಜೂರ, ಒಮ್ಮೊಮ್ಮೆ ಒಂಟೆಯ ಹಾಲು ಕಂಡಿದ್ದ ಕುದುರೆಗೆ ಇಲ್ಲಿ ಬೇರೆಯದೇ ತಟ್ಟೆ. 13ನೇ ಶತಮಾನದ ಕೊನೆಯಲ್ಲಿ ತಮಿಳು ಕರಾವಳಿಯನ್ನು ಕಂಡ ಮಾರ್ಕೊ ಪೋಲೊ, ಕುದುರೆಗಳಿಗೆ ಅನ್ನದ ಜೊತೆ ಮಾಂಸ ಬೇಯಿಸಿ ಹಾಕುತ್ತಾರೆಂದೂ, ಲಾಳ ಕಟ್ಟುವ ಕಸಬು ಅಲ್ಲಿಯವರಿಗೆ ತಿಳಿಯದೆಂದೂ ಬರೆದ. ಇರಾನಿನ ಇತಿಹಾಸಕಾರ ವಸ್ಸಾಫ್ ಹುರಿದ ಬಾರ್ಲಿ, ಬೆಣ್ಣೆ ಬೆರೆಸಿದ ಕಾಳು, ಕಾಯಿಸಿದ ಹಸುವಿನ ಹಾಲು ಕೊಡುತ್ತಾರೆಂದು ಮೂಗು ಮುರಿದ. 1470ರ ಸುಮಾರಿಗೆ ಬೀದರ್‌ಗೆ ಬಂದ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್ ತಾನೇ ಒಂದು ಗಂಡು ಕುದುರೆಯನ್ನು ಮಾರಲು ಹೊಡೆದುಕೊಂಡು ಬಂದಿದ್ದವನು. ಇಲ್ಲಿ ಕುದುರೆಗಳಿಗೆ ಕಡಲೆಯನ್ನೂ, ಸಕ್ಕರೆ ಬೆಣ್ಣೆ ಹಾಕಿದ ಖಿಚಡಿಯನ್ನೂ ತಿನ್ನಿಸುತ್ತಾರೆಂದು ಅವನು ಗುರುತು ಮಾಡಿಕೊಂಡ.

ಪರದೇಶಿಗಳ ಈ ಮಾತುಗಳನ್ನು ನಮ್ಮ ಇತಿಹಾಸಕಾರರು ಬಹಳ ಸಲ ಹಾಗೆಯೇ ಒಪ್ಪಿಕೊಂಡಿದ್ದಾರೆ. ಭಾರತೀಯರಿಗೆ ಕುದುರೆ ಸಾಕುವುದು ಗೊತ್ತಿರಲಿಲ್ಲ, ಅದಕ್ಕೇ ಸತ್ತವು ಎನ್ನುವುದು ಸುಲಭ. ನಿಜ ಅಷ್ಟು ಸರಳವಲ್ಲ. ಮಾಂಸ ಕುದುರೆಯ ಆಹಾರವಲ್ಲ, ಆ ಮಾತು ಸರಿ. ಆದರೆ ಬೆಣ್ಣೆ, ತುಪ್ಪ? ಇವತ್ತು ದೂರದ ಸವಾರಿಯ ಕುದುರೆಗಳ ಮೇವಿನಲ್ಲಿ ಎಣ್ಣೆ ಬೆರೆಸುವುದು ಸಾಮಾನ್ಯ ಪದ್ಧತಿ. ಕಾಳಿನ ಪಿಷ್ಟ ಬೇಗ ಉರಿದು ಹೋಗುತ್ತದೆ, ಕೊಬ್ಬು ನಿಧಾನವಾಗಿ ಉರಿದು ಬಹಳ ಹೊತ್ತು ಶಕ್ತಿ ಕೊಡುತ್ತದೆ. ಬೀದರ್‌ನ ಲಾಯದಲ್ಲಿ ಕಾಳಿಗೆ ಬೆಣ್ಣೆ ಕಲಸಿದ ಕೈ ಮೂರ್ಖನ ಕೈಯಾಗಿರಲಿಲ್ಲ. ತಪ್ಪು ಇದ್ದದ್ದು ಬದಲಾವಣೆಯ ವೇಗದಲ್ಲಿ. ಕುದುರೆಯ ದೊಡ್ಡ ಕರುಳಿನಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳು ನಾರನ್ನು ಹುದುಗಿಸಿ ಅದನ್ನು ಬದುಕಿಸುತ್ತವೆ. ಹೊಸ ಮೇವಿಗೆ ಅವು ಒಗ್ಗಿಕೊಳ್ಳಲು ಕೆಲವು ವಾರಗಳಾದರೂ ಬೇಕು. ಒಮ್ಮೆಲೇ ಬದಲಿಸಿದರೆ ಹೊಟ್ಟೆಶೂಲೆ, ಗೊರಸಿನ ಬಾವು. ಜೊತೆಗೆ ಕುದುರೆಗೆ ವಾಂತಿಯಾಗುವುದಿಲ್ಲ. ಒಳಗೆ ಹೋದ ತಪ್ಪನ್ನು ಹೊರಗೆ ಹಾಕುವ ದಾರಿಯೇ ಆ ಪ್ರಾಣಿಗಿಲ್ಲ.

ಲಾಯದ ಕಾನೂನು

ನೂನಿಜ್ ಕೊಡುವ ಲೆಕ್ಕದ ಪ್ರಕಾರ ವಿಜಯನಗರದ ಅರಸ ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದ. ಅರಮನೆಯ ಕಾವಲಿಗೆ 6,000 ಸವಾರರು. ಕುದುರೆ ನೋಡಿಕೊಳ್ಳಲು 1,600 ಕಾಸ್ತಾರರು, ಪಳಗಿಸಲು 300 ಜನ. ಸಂಖ್ಯೆಗಳು ಸ್ವಲ್ಪ ಹಿಗ್ಗಿರಬಹುದು, ಆದರೆ ಅವನು ಹೇಳುವ ನಿಯಮವೊಂದು ಗಮನಾರ್ಹ. ಆ 6,000 ಸವಾರರಿಗೆ ಅರಸನೇ ಕುದುರೆ ಕೊಡುತ್ತಿದ್ದ, ತಿಂಗಳು ತಿಂಗಳು ಮೇವೂ ಕೊಡುತ್ತಿದ್ದ. ಕುದುರೆಯ ಮೈಮೇಲೆ ಅರಸನ ಮುದ್ರೆ ಇರುತ್ತಿತ್ತು. ಕುದುರೆ ಸತ್ತರೆ ಮುದ್ರೆಯಿದ್ದ ಚರ್ಮದ ತುಂಡನ್ನು ಕೊಯ್ದು ಲಾಯದ ಮುಖ್ಯಾಧಿಕಾರಿಗೆ ಒಪ್ಪಿಸಬೇಕು. ಆಗ ಮಾತ್ರ ಬದಲಿ ಕುದುರೆ.

ಯಾಕೆ ಈ ಕಟ್ಟುನಿಟ್ಟು? ಅರಸನ ಕುದುರೆಯನ್ನು ಮಾರಿಕೊಂಡು ಸತ್ತಿತೆಂದು ಹೇಳುವವರಿದ್ದರು. ಅರಸನ ಮೇವನ್ನು ಮಾರಿಕೊಂಡು ಕುದುರೆಯನ್ನು ಉಪವಾಸ ಕೆಡವುವವರೂ ಇದ್ದಿರಬೇಕು. ದೆಹಲಿಯ ಅಲಾವುದ್ದೀನ್ ಖಿಲ್ಜಿ ಕುದುರೆಗಳಿಗೆ ಮುದ್ರೆ ಒತ್ತಿಸಿದ್ದೂ ಇಂಥ ಮೋಸವನ್ನು ತಡೆಯಲೆಂದೇ. ಧರ್ಮ ಬೇರೆಯಾದರೂ ಖಜಾನೆಯ ಭಯ ಒಂದೇ ಆಗಿತ್ತು.

ಅಕ್ಬರನ ಕಾಲದಲ್ಲಿ ಇದು ಪೂರಾ ಲಿಖಿತ ಕಾನೂನಾಯಿತು. ಅಬುಲ್ ಫಜಲ್ ‘ಆಯಿನೆ ಅಕ್ಬರಿ’ಯಲ್ಲಿ ಒಂದೊಂದು ದರ್ಜೆಯ ಕುದುರೆಗೂ ದಿನಕ್ಕೆ ಎಷ್ಟು ಸೇರು ಕಾಳು, ಎಷ್ಟು ಹಿಟ್ಟು, ಎಷ್ಟು ಸಕ್ಕರೆ, ಚಳಿಗಾಲದಲ್ಲಿ ಎಷ್ಟು ತುಪ್ಪ ಎಂದು ಬರೆದಿಟ್ಟ. ಹಸಿ ಹುಲ್ಲು ಸಿಗುವ ದಿನಗಳಲ್ಲಿ ಒಣಹುಲ್ಲಿನ ಖರ್ಚು ನಿಲ್ಲಬೇಕು. ಚಳಿಗಾಲದಲ್ಲಿ ಕಾಳು ಬೇಯಿಸಿ ಕೊಡಬೇಕು. ಇಷ್ಟೆಲ್ಲ ಮಾಡಿಯೂ ಕುದುರೆ ಸತ್ತರೆ ದಾರೋಗನಿಂದ ಹಿಡಿದು ಕಾಸ್ತಾರನವರೆಗೆ ದಂಡ. ಕಾಸ್ತಾರನ ಸಂಬಳದಲ್ಲೇ ಕಡಿತ. ಕಾನೂನು ಬರೆದವನಿಗೆ ದಂಡವಿರಲಿಲ್ಲ, ಕುದುರೆ ಏರಿದ ಅಮೀರನಿಗೂ ಇರಲಿಲ್ಲ.

ವಿದ್ಯೆಯ ಮಾತಿಗೆ ಬಂದರೆ ಇಲ್ಲೊಂದು ಸಂತೋಷದ ಸಂಗತಿ ಇದೆ. ಕುದುರೆಯ ಲಕ್ಷಣ, ಮೇವು, ರೋಗ, ಮದ್ದುಗಳನ್ನು ಹೇಳುವ ಸಂಸ್ಕೃತ ಶಾಸ್ತ್ರಕ್ಕೆ ಶಾಲಿಹೋತ್ರನೆಂಬ ಋಷಿಯ ಹೆಸರು. ಕಲ್ಯಾಣದ ಚಾಲುಕ್ಯ ಅರಸ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ತನ್ನ ‘ಮಾನಸೋಲ್ಲಾಸ’ದಲ್ಲಿ ಕುದುರೆಗಳಿಗೆ ಜಾಗ ಕೊಟ್ಟ. ಮುಂದೆ ಬಹಮನಿ ಮನೆತನದ ಅಹ್ಮದ್ ಶಾ ವಲಿಯ ಆಶ್ರಯದಲ್ಲಿ ಅಬ್ದುಲ್ಲಾ ಬಿನ್ ಸಫಿ ಎಂಬ ವಿದ್ವಾಂಸ ಶಾಲಿಹೋತ್ರನ ವಿದ್ಯೆಯನ್ನು ಕಲಬುರ್ಗಿಯಲ್ಲಿ ಫಾರಸಿಗೆ ತಂದ. ಉರ್ದುವಿನಲ್ಲಿ ಕುದುರೆಯ ವೈದ್ಯನಿಗೆ ಇಂದಿಗೂ ಸಲೋತ್ರಿ ಎನ್ನುತ್ತಾರೆ. ಋಷಿಯ ಹೆಸರೇ ಮುಸಲ್ಮಾನ ವೈದ್ಯನ ಕಸಬಿನ ಹೆಸರಾಯಿತು. ಯುದ್ಧಗಳ ಪಟ್ಟಿ ಬರೆದವರು ಈ ಸಾಲನ್ನು ಯಾಕೋ ಬಿಟ್ಟರು.

ಕುದುರೆಯ ಮೇವು ರಾಜಕೀಯವನ್ನೂ ನಡೆಸಿತು. ಅಹ್ಮದ್‌ನಗರದ ಹಬ್ಶಿ ಸೇನಾನಿ ಮಲಿಕ್ ಅಂಬರ್ 17ನೇ ಶತಮಾನದ ಆರಂಭದಲ್ಲಿ ಮೊಗಲರ ಭಾರೀ ಸೈನ್ಯವನ್ನು ಹಗುರ ಸವಾರರಿಂದ ಕಾಡಿದ. ಶತ್ರುವಿಗೆ ಹುಲ್ಲು, ಕಾಳು ತಲುಪದಂತೆ ಮಾಡುವುದೇ ಆ ಯುದ್ಧದ ಅರ್ಧ ಗುಟ್ಟು. ನಮ್ಮ ಕೊಪ್ಪಳದ ಕೋಟೆಯನ್ನು 1786ರ ಸುಮಾರಿಗೆ ಹಿಡಿದ ಟಿಪ್ಪು ಸುಲ್ತಾನ್ ಫ್ರೆಂಚ್ ಎಂಜಿನಿಯರುಗಳಿಂದ ಅದನ್ನು ಗಟ್ಟಿ ಮಾಡಿಸಿದ. 1790ರಲ್ಲಿ ಇಂಗ್ಲಿಷರೂ ನಿಜಾಮರೂ ಕೂಡಿ ಮುತ್ತಿದರು, ಕೋಟೆ ತಿಂಗಳುಗಟ್ಟಲೆ ನಿಂತು 1791ರಲ್ಲಿ ಶರಣಾಯಿತು. ಮುತ್ತಿಗೆ ಎಂದರೆ ತೋಪಿನ ಸದ್ದು ಮಾತ್ರವಲ್ಲ. ಸುತ್ತಲಿನ ಹಳ್ಳಿಗಳ ಬಣವೆಗಳು ಎರಡೂ ಕಡೆಯವರ ಕುದುರೆಗಳ ಹೊಟ್ಟೆಗೆ ಹೋಗುವುದು. ರೈತನ ಎತ್ತಿಗೆ ಆ ವರ್ಷ ಏನುಳಿಯಿತು ಎಂದು ಯಾರೂ ಬರೆದಿಡಲಿಲ್ಲ.

ಓಟಕ್ಕೆ ಮುಂಚಿನ ತಪಸ್ಸು

ಪಂದ್ಯದ ಕುದುರೆಗೆ ಊಟದ ನಿಯಮ ಮಾಡುವುದು ಇತ್ತೀಚಿನ ಪಾಶ್ಚಾತ್ಯರ ಕಲ್ಪನೆಯೇನೂ ಅಲ್ಲ. ಪ್ರವಾದಿ ಮುಹಮ್ಮದ್‌ರ ಕಾಲದ ಮದೀನಾದಲ್ಲಿ ಕುದುರೆಗಳ ಓಟ ನಡೆಯುತ್ತಿತ್ತು. ಹದೀಸ್ ಸಂಗ್ರಹಗಳಲ್ಲಿ ಅದರ ವಿವರವಿದೆ. ಹದಗೊಳಿಸಿದ ಕುದುರೆಗಳಿಗೆ ಐದಾರು ಮೈಲಿಯ ಓಟ, ಹದಗೊಳಿಸದವಕ್ಕೆ ಒಂದು ಮೈಲಿಯಷ್ಟೇ. ಹದಗೊಳಿಸುವ ಈ ಕ್ರಮಕ್ಕೆ ಅರಬ್ಬಿಯಲ್ಲಿ ತಜ್ಮೀರ್ ಅಥವಾ ಇಜ್ಮಾರ್ ಎನ್ನುತ್ತಾರೆ. ಮೊದಲು ಕುದುರೆಗೆ ಚೆನ್ನಾಗಿ ತಿನ್ನಿಸಿ ಮೈ ತುಂಬಿಸುವುದು. ಆಮೇಲೆ ಮೇವನ್ನು ಬೇಕಾದಷ್ಟಕ್ಕೆ ಇಳಿಸಿ, ಮೇಲೆ ಹೊದಿಕೆ ಹಾಕಿ ಬೆವರು ಹರಿಸಿ, ಬೊಜ್ಜು ಕರಗಿಸಿ ಮಾಂಸಖಂಡ ಗಟ್ಟಿ ಮಾಡುವುದು.

ಇಲ್ಲಿ ನಮಗೆ ಮುಖ್ಯವಾಗಿ ಕಾಣುವುದು ಆ ವಿಂಗಡಣೆ. ಸಿದ್ಧವಾಗದ ಕುದುರೆಯನ್ನು ಸಿದ್ಧವಾದದ್ದರ ಜೊತೆ ಅಷ್ಟೇ ದೂರ ಓಡಿಸಬಾರದು. ಗೆಲುವಿಗೆ ಮೊದಲು ನ್ಯಾಯ, ನ್ಯಾಯಕ್ಕೆ ಮೊದಲು ಪ್ರಾಣಿಯ ಶಕ್ತಿ. ಮಾತು ಬಾರದ ಪ್ರಾಣಿಗಳ ವಿಷಯದಲ್ಲಿ ದೇವರಿಗೆ ಅಂಜಿ ನಡೆಯಬೇಕೆಂಬ ಪ್ರವಾದಿಯವರ ಉಪದೇಶವೂ, ಹಸಿವಿನಿಂದ ಬೆನ್ನಿಗೆ ಹೊಟ್ಟೆ ಅಂಟಿದ್ದ ಒಂಟೆಯೊಂದನ್ನು ಕಂಡಾಗ ಬಂದದ್ದು.

ಈ ವಿವೇಕವನ್ನು ಆಧುನಿಕ ಜಗತ್ತು ಹೊಸದಾಗಿ, ಬಹಳ ಬೆಲೆ ತೆತ್ತು ಕಲಿಯಬೇಕಾಯಿತು. 1892ರಲ್ಲಿ ಜರ್ಮನಿ ಮತ್ತು ಆಸ್ಟ್ರಿಯಾದ ಸೇನಾಧಿಕಾರಿಗಳು ಬರ್ಲಿನ್ ಮತ್ತು ವಿಯೆನ್ನಾಗಳ ನಡುವೆ, ಸುಮಾರು 570 ಕಿಲೋಮೀಟರ್ ದೂರದ ಸವಾರಿ ಪಂದ್ಯ ಹೂಡಿದರು. ಹಲವು ಕುದುರೆಗಳು ಸತ್ತವು, ಯುರೋಪಿನಲ್ಲಿ ದೊಡ್ಡ ಟೀಕೆ ಎದ್ದಿತು. 1955ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಒಂದೇ ದಿನದಲ್ಲಿ ನೂರು ಮೈಲಿ ಸಾಗುವ ಸವಾರಿ ಆರಂಭವಾಯಿತು, ಮುಂದೆ ಅದಕ್ಕೆ ಟೆವಿಸ್ ಕಪ್ ಎಂಬ ಹೆಸರು ನಿಂತಿತು. ಅಂತರರಾಷ್ಟ್ರೀಯ ಅಶ್ವಕ್ರೀಡಾ ಒಕ್ಕೂಟ ಈ ಆಟವನ್ನು ತನ್ನ ತೆಕ್ಕೆಗೆ ತೆಗೆದುಕೊಂಡಿತು, 1986ರಲ್ಲಿ ರೋಮ್ ಬಳಿ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. ಈ ಆಟದಲ್ಲಿ ಮೇಲುಗೈ ಅರಬ್ಬಿ ತಳಿಯದೇ. ಹೊರ್ಮುಜ್‌ನ ಹಡಗಿನಲ್ಲಿ ಹಂಪಿಗೆ ಬಂದ ಕುದುರೆಗಳ ದಾಯಾದಿಗಳು ಇವು.

ಇಂದಿನ ನಿಯಮದ ಒಳಗೆ

ದೂರದ ಓಟವನ್ನು ಹಂತಗಳಾಗಿ ವಿಂಗಡಿಸಿರುತ್ತಾರೆ. ಒಂದೊಂದು ಹಂತ ಮುಗಿದಾಗಲೂ ಪಶುವೈದ್ಯರ ತಪಾಸಣೆ. ಸಾಮಾನ್ಯವಾಗಿ ನಿಗದಿತ ಕೆಲವು ನಿಮಿಷಗಳೊಳಗೆ ಕುದುರೆಯ ಎದೆಬಡಿತ ನಿಮಿಷಕ್ಕೆ 64ಕ್ಕೆ ಇಳಿಯಬೇಕು. ಇಳಿಯದಿದ್ದರೆ ಅಲ್ಲಿಗೆ ಆಟ ಮುಗಿಯಿತು. ವೈದ್ಯರು ಚರ್ಮ ಹಿಡಿದು ಎಳೆದು ಮೈಯಲ್ಲಿ ನೀರಿದೆಯೇ ಎಂದು ನೋಡುತ್ತಾರೆ, ಒಸಡು ಒತ್ತಿ ರಕ್ತ ಮರಳುವುದನ್ನು ಗಮನಿಸುತ್ತಾರೆ, ಹೊಟ್ಟೆಗೆ ಕಿವಿಗೊಟ್ಟು ಕರುಳಿನ ಸದ್ದು ಕೇಳುತ್ತಾರೆ, ನಡೆಸಿ ಓಡಿಸಿ ಕಾಲು ಕುಂಟುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ಕರುಳು ಮೌನವಾಗಿದ್ದರೆ ಅದು ಅಪಾಯದ ಸೂಚನೆ. ಇಷ್ಟಾದ ಮೇಲೆ ಕಡ್ಡಾಯ ವಿಶ್ರಾಂತಿ. ಹುಲ್ಲು, ಕಾಳು, ನೀರು ಕೊಡುವುದು ಆಗಲೇ.

ಬಿಸಿಲಲ್ಲಿ ಓಡುವ ಕುದುರೆ ಗಂಟೆಗೆ ಹತ್ತರಿಂದ ಹದಿನೈದು ಲೀಟರ್ ಬೆವರು ಸುರಿಸಬಲ್ಲದು. ಆ ಬೆವರಿನಲ್ಲಿ ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್ ಲವಣಗಳು ಹೇರಳವಾಗಿ ಹೋಗುತ್ತವೆ. ವಿಚಿತ್ರವೆಂದರೆ, ನೀರಿನ ಜೊತೆಗೇ ಉಪ್ಪೂ ಹೋಗುವುದರಿಂದ ಕುದುರೆಗೆ ಬಾಯಾರಿಕೆಯ ಅರಿವೇ ಸರಿಯಾಗಿ ಆಗುವುದಿಲ್ಲ. ಹಾಗಾಗಿ ಉಪ್ಪಿನ ಪೂರಕಗಳನ್ನು ಬಾಯಿಯ ಮೂಲಕ ಕೊಡಲು ನಿಯಮ ಅನುಮತಿಸುತ್ತದೆ. ನೀರು ಕುಡಿಯದ ಕುದುರೆಗೆ ಬರಿ ಉಪ್ಪು ತಿನ್ನಿಸಿದರೆ ಅದು ಮೈಯ ನೀರನ್ನೇ ಕರುಳಿಗೆ ಎಳೆದು ಕೆಡುಕು ಮಾಡುತ್ತದೆ. ಚುಚ್ಚುಮದ್ದಾಗಲಿ, ಮೂಗಿನ ಕೊಳವೆಯಾಗಲಿ ಅನುಮತಿಯಿಲ್ಲದೆ ನಡೆಯುವುದಿಲ್ಲ. ಹುಲ್ಲಿಗೂ ಮಹತ್ವವಿದೆ. ನಾರು ತುಂಬಿದ ಕರುಳು ನೀರಿನ ಹೊಂಡವಿದ್ದಂತೆ, ಓಡುವಾಗ ಮೈ ಅದರಿಂದ ನೀರು ಪಡೆಯುತ್ತದೆ. ಕಾಳನ್ನೇ ತುರುಕಿ ಹುಲ್ಲು ಮರೆತವನ ಕುದುರೆ ದಾರಿಯಲ್ಲಿ ನಿಲ್ಲುತ್ತದೆ.

ಇನ್ನು ನಿಷಿದ್ಧಗಳು. ಒಕ್ಕೂಟದ ಪಟ್ಟಿಯಲ್ಲಿ ಎರಡು ಭಾಗ. ಎಂದೂ ಕೊಡಲೇಬಾರದ ವಸ್ತುಗಳು ಮತ್ತು ಚಿಕಿತ್ಸೆಗೆ ಕೊಡಬಹುದಾದರೂ ಪಂದ್ಯದ ದಿನ ಮೈಯಲ್ಲಿರಬಾರದ ಮದ್ದುಗಳು. ಕೆಲವು ವಸ್ತುಗಳು ಮೇವಿನ ಮೂಲಕ ತಿಳಿಯದೇ ಸೇರಿಬಿಡುತ್ತವೆ. ಹೊಲದ ಕಳೆಯಾಗಿ ಮೇವಿನಲ್ಲಿ ಬೆರೆತ ದತ್ತೂರಿಯಿಂದ ಅಟ್ರೊಪಿನ್, ಗಸಗಸೆ ಗಿಡದಿಂದ ಮಾರ್ಫಿನ್, ಕೋಕೋ ಸಿಪ್ಪೆಯಿಂದ ಥಿಯೊಬ್ರೊಮಿನ್. ನಮ್ಮ ರೈತರು ಲೂಸರ್ನ್ ಮೇವನ್ನು ಕುದುರೆ ಮಸಾಲೆ ಎನ್ನುತ್ತಾರೆ. ಆ ಹಸಿರು ಮೇವಿನಲ್ಲೂ ಸಹಜವಾಗಿಯೇ ಸ್ಯಾಲಿಸಿಲೇಟ್ ಇರುವುದರಿಂದ ಅದಕ್ಕೆ ಒಂದು ಮಿತಿಯನ್ನೇ ಗೊತ್ತು ಮಾಡಿದ್ದಾರೆ. ಲಾಯದಲ್ಲಿ ಚಹಾ ಕಾಫಿ ಕುಡಿಯಬೇಡಿ, ಕುದುರೆಯ ಹಾಸಿನ ಮೇಲೆ ಮೂತ್ರ ಮಾಡಬೇಡಿ ಎಂಬ ಸೂಚನೆಗಳೂ ಇವೆ. ಕಾಸ್ತಾರ ತಾನು ನುಂಗಿದ ನೋವಿನ ಗುಳಿಗೆ ಹಾಸಿನ ಹುಲ್ಲಿನ ಮೂಲಕ ಕುದುರೆಯ ರಕ್ತ ಸೇರಬಹುದೆಂಬ ಭಯ.

ಹಳೆಯ ಸವಾರರಿಗೆ ಈ ಭಯ ತಿಳಿದಿರಲಿಲ್ಲ. ಲಾಯಗಳಲ್ಲಿ ಬತ್ತೀಸಾ ಎಂಬ 32 ಮದ್ದುಗಳ ಪುಡಿ, ಬಗೆಬಗೆಯ ಮಸಾಲೆ ಉಂಡೆಗಳು ಕುದುರೆಯ ಹಸಿವು ಹೆಚ್ಚಿಸಲು ನಡೆಯುತ್ತಿದ್ದವು. ಕಛ್‌ನ ಸವಾರನೊಬ್ಬ ರಾತ್ರಿಯ ದೀರ್ಘ ಪಯಣದಲ್ಲಿ ತನ್ನ ಅಫೀಮನ್ನು ಬಳಲಿದ ಕುದುರೆಯೊಡನೆ ಹಂಚಿಕೊಂಡು ಮುಂದೆ ಸಾಗಿದನೆಂದು 19ನೇ ಶತಮಾನದ ಇಂಗ್ಲಿಷ್ ಅಧಿಕಾರಿ ಅಲೆಕ್ಸಾಂಡರ್ ಬರ್ನ್ಸ್ ಬರೆದಿದ್ದಾನೆ. ಓದಲು ಅದು ಗೆಳೆತನದ ಕಥೆ. ಆದರೆ ಅಫೀಮು ದಣಿವನ್ನು ಕಳೆಯುವುದಿಲ್ಲ, ಮುಚ್ಚುತ್ತದೆ. ಕುದುರೆ ನಿಲ್ಲಬೇಕಾದ ಜಾಗದಲ್ಲಿ ನಿಲ್ಲದಂತೆ ಮಾಡುತ್ತದೆ. ಇಂದಿನ ನಿಷೇಧದ ತಿರುಳು ಅದೇ. ನೋವು ಮಾತು ಬಾರದ ಪ್ರಾಣಿಗಿರುವ ಒಂದೇ ಭಾಷೆ. ಅದನ್ನು ಕಸಿದುಕೊಂಡರೆ ವೈದ್ಯನ ತಪಾಸಣೆಯೂ ಕುರುಡಾಗುತ್ತದೆ.

ಹೊಣೆ ಏರಿದ ಮೆಟ್ಟಿಲು

ಹಳೆಯ ಲಾಯಕ್ಕೂ ಇಂದಿನ ನಿಯಮಕ್ಕೂ ಇರುವ ದೊಡ್ಡ ವ್ಯತ್ಯಾಸ ಪಟ್ಟಿಯ ಉದ್ದದಲ್ಲಿಲ್ಲ, ಹೊಣೆಗಾರನ ಹೆಸರಿನಲ್ಲಿದೆ. ಕುದುರೆಯ ರಕ್ತದಲ್ಲಿ ನಿಷಿದ್ಧ ವಸ್ತು ಸಿಕ್ಕರೆ ಮೊದಲ ಹೊಣೆಗಾರ ಸವಾರ. ತಾನು ಕೊಟ್ಟಿಲ್ಲ, ತನಗೆ ಗೊತ್ತಿಲ್ಲ ಎಂಬ ಮಾತಿನಿಂದ ಅವನ ಹೊಣೆ ತಪ್ಪುವುದಿಲ್ಲ. 2009ರಲ್ಲಿ ದುಬೈನ ಆಡಳಿತಗಾರ ಶೇಖ್ ಮುಹಮ್ಮದ್ ಬಿನ್ ರಾಶಿದ್ ಅಲ್ ಮಕ್ತೂಮ್ ಏರಿದ್ದ ಕುದುರೆಯಲ್ಲಿ ನಿಷಿದ್ಧ ಮದ್ದು ಪತ್ತೆಯಾಯಿತು. ಮದ್ದು ಕೊಟ್ಟದ್ದು ತಾನು, ಶೇಖರಿಗೆ ತಿಳಿಯದು ಎಂದು ತರಬೇತುದಾರ ಹೇಳಿದ. ಒಕ್ಕೂಟದ ನ್ಯಾಯಮಂಡಳಿ ತರಬೇತುದಾರನಿಗೆ ಒಂದು ವರ್ಷ, ಸವಾರರಾಗಿದ್ದ ಶೇಖರಿಗೆ ಆರು ತಿಂಗಳು ನಿರ್ಬಂಧ ಹಾಕಿತು. 2015ರಲ್ಲಿ ಕುದುರೆಗಳ ಹಿತದ ಪ್ರಶ್ನೆಯ ಮೇಲೆಯೇ ಸಂಯುಕ್ತ ಅರಬ್ ಎಮಿರೇಟ್ಸ್‌ನ ಒಕ್ಕೂಟವನ್ನೇ ಕೆಲವು ತಿಂಗಳು ಅಮಾನತಿನಲ್ಲಿಟ್ಟರು.

ಕುದುರೆಯನ್ನು ಗೌರವಿಸಿದ ಅರಬರ ನಾಡಿನಲ್ಲೇ ಹೀಗಾದದ್ದು ನಮಗೆ ನೋವಿನ ಸಂಗತಿ. ಆದರೂ ಆ ತೀರ್ಪಿನಲ್ಲಿ ನಮಗೆ ಸಮಾಧಾನವೂ ಇದೆ. ಅಕ್ಬರನ ಲಾಯದಲ್ಲಿ ಕುದುರೆ ಸತ್ತರೆ ಕಾಸ್ತಾರನ ಸಂಬಳ ಮುರಿಯುತ್ತಿತ್ತು. ಈಗ ಒಬ್ಬ ಆಡಳಿತಗಾರನೂ ಕುದುರೆಯ ಹೊಟ್ಟೆಗೆ ಉತ್ತರ ಹೇಳಬೇಕು. ನಾನೂರು ವರ್ಷಗಳಲ್ಲಿ ಹೊಣೆ ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಏರಿದೆ. ಹಾಗೆಂದು ಕೆಳಗಿನ ಮೆಟ್ಟಿಲು ಖಾಲಿಯಾಗಿಲ್ಲ. ಕೊಲ್ಲಿಯ ಲಾಯಗಳಲ್ಲಿ ಹುಲ್ಲು ಹಾಕುವವರು, ಲದ್ದಿ ಬಾಚುವವರು, ಕುದುರೆಯ ಪಕ್ಕದಲ್ಲೇ ಮಲಗುವವರು ಬಹುಮಟ್ಟಿಗೆ ನಮ್ಮ ಉಪಖಂಡದ ಬಡ ಮನೆಗಳ ಹುಡುಗರೇ. ನಿಯಮ ಪುಸ್ತಕವನ್ನು ಅವರ ಭಾಷೆಯಲ್ಲಿ ಯಾರು ಓದಿ ಹೇಳುತ್ತಾರೆ? ಯಾವ ಪುಡಿ, ಯಾವ ಡಬ್ಬಿ ಎಂದು ತಿಳಿಯದೆ ಒಡೆಯ ಕೊಟ್ಟದ್ದನ್ನು ಬೆರೆಸಿದ ಕೈಯನ್ನು ಆಮೇಲೆ ದೂರುವುದು ಬಹಳ ಸುಲಭ.

ನಾವು ಚಿಕ್ಕವರಿದ್ದಾಗ ನಮ್ಮ ಊರುಗಳ ರೈಲು ನಿಲ್ದಾಣ, ಬಸ್ ನಿಲ್ದಾಣಗಳ ಮುಂದೆ ಟಾಂಗಾಗಳು ಇನ್ನೂ ನಿಲ್ಲುತ್ತಿದ್ದವು. ಓಡಿಸುವವರಲ್ಲಿ ಹೆಚ್ಚಿನವರು ಮುಸಲ್ಮಾನರು. ಬೆಳಗಿನ ಮೊದಲ ಬಾಡಿಗೆ ಮನೆಗೆ ಹೋಗುತ್ತಿರಲಿಲ್ಲ, ಹುಲ್ಲಿನ ಹೊರೆಗೂ ಹುರುಳಿಗೂ ಹೋಗುತ್ತಿತ್ತು. ಮಧ್ಯಾಹ್ನ ಕುದುರೆಯ ಮೂತಿಗೆ ತೋಬ್ರಾ, ಅಂದರೆ ಮೇವಿನ ಚೀಲ ಕಟ್ಟಿ, ಅದು ತಿಂದು ಮುಗಿಸುವವರೆಗೆ ಯಾರು ಎಷ್ಟು ಕರೆದರೂ ಗಾಡಿ ಹೂಡದ ಚಾಚಾಗಳನ್ನು ನಾವು ಕಂಡಿದ್ದೇವೆ. ಅವರಿಗೆ ಯಾವ ಒಕ್ಕೂಟದ ನಿಯಮವೂ ಇರಲಿಲ್ಲ, ವೈದ್ಯರ ತಪಾಸಣೆಯೂ ಇರಲಿಲ್ಲ. ಕುದುರೆ ಕುಂಟಿದರೆ ಮನೆಯ ಒಲೆ ಆರುತ್ತದೆಂಬ ಅರಿವು ಮಾತ್ರ ಇತ್ತು. ಅವರಲ್ಲೂ ಸೋತ ಕುದುರೆಯನ್ನು ಚಾಬೂಕಿನಿಂದ ಎಬ್ಬಿಸಿದವರಿದ್ದರು. ಬಡತನ ಕರುಣೆಯನ್ನು ಕಲಿಸುವಂತೆ ಕ್ರೌರ್ಯವನ್ನೂ ಕಲಿಸುತ್ತದೆ.

ಒಟ್ಟಿನಲ್ಲಿ ನಿಯಮಗಳ ಚರಿತ್ರೆ ನಮಗೆ ಹೇಳುವುದು ಇಷ್ಟು. ಬಾಲಕ್ಕೆ ಬೆಲೆ ಕೊಟ್ಟ ಕಾಲವಿತ್ತು, ಆಗ ಕುದುರೆ ಬರಿ ಸರಕು. ಮುದ್ರೆಯ ಚರ್ಮಕ್ಕೆ ಲೆಕ್ಕ ಕೇಳಿದ ಕಾಲವಿತ್ತು, ಆಗ ಕುದುರೆ ಅರಸನ ಆಸ್ತಿ. ಎದೆಬಡಿತ ಎಣಿಸುವ ಕಾಲ ಈಗ ಬಂದಿದೆ. ಕುದುರೆಗೂ ಒಂದು ಎದೆ ಇದೆ ಎಂದು ಒಪ್ಪಿಕೊಳ್ಳಲು ಮನುಷ್ಯ ಇಷ್ಟು ದೂರ ಓಡಬೇಕಾಯಿತು. ನಮ್ಮ ಹಿರಿಯರ ಮಾತಿನಲ್ಲಿ ಹೇಳುವುದಾದರೆ ಕುದುರೆ ಸವಾರನ ಕೈಯಲ್ಲಿಟ್ಟ ಅಮಾನತ್ತು. ಅಮಾನತ್ತು ಕೊಟ್ಟವನು ಲೆಕ್ಕ ಕೇಳುವುದು ಅದರ ಬೆನ್ನ ಮೇಲೆ ಕುಳಿತವನನ್ನು. ಮೇವಿನ ಚೀಲ ಹಿಡಿದು ಕೆಳಗೆ ನಿಂತವನ ಸರದಿ ಆಮೇಲೆ.